ಬೆಕ್ಕಿಗೆ ಛೂ, ನಾಯಿಗೆ ಛೂ

ಹೊಲಿಗೆ ಮಷೀನಿನ ಮುಂದೆ ಕೂತರೂ ನನ್ನ ಒಂದು ಕಿವಿ ಅಂಗಳದಲ್ಲೇ ಇರುತ್ತದೆ. ಎರಡು ನಾಯಿ, ಮೂರು ಬೆಕ್ಕು. ಐದೂ ಎಲ್ಲೆಲ್ಲಿವೆ ಎಂದು ಗಂಟೆಗೆ ನಾಲ್ಕು ಸಲ ಎದ್ದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಲೆಕ್ಕ ಸರಿಹೋದರೆ ಬಂದು ಕೂರುತ್ತೇನೆ, ಒಂದು ತೋಳು ಕೂಡಿಸುವಷ್ಟರಲ್ಲಿ ಮತ್ತೆ ಅನುಮಾನ. "ಬಾಣಂತೀನೂ ಇಷ್ಟು ಸಲ ಎದ್ದು ಕೂಸು ನೋಡಲ್ಲ ಬಿಡ್ರಿ" ಎಂದು ಬ್ಲೌಸು ಹೊಲಿಸಲು ಬಂದ ಗಿರಾಕಿಯೊಬ್ಬರು ಮೊನ್ನೆ ನಕ್ಕರು. ನಗಲಿ. ಒಂದು ಸುಳ್ಳು ಹೇಳಿ ಈ ಐದನ್ನೂ ಒಂದೇ ಸೂರಿನಡಿ ಸೇರಿಸಿದವಳು ನಾನು, ಅವರಲ್ಲ.

ನಾಯಿಗಳು ನನ್ನವು. ಮೊದಲ ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಶಾಮನೂರು ದಾಟಿ ಎದ್ದ ಹೊಸ ಲೇಔಟಿನಲ್ಲಿ ಒಬ್ಬಳೇ ಇದ್ದೆ. ಸುತ್ತ ಖಾಲಿ ಸೈಟು, ಜಾಲಿಗಿಡ, ಚರಂಡಿ ಕೆದರುವ ಹಂದಿಗಳು. ಕಂದು ಬಣ್ಣದ ಹೆಣ್ಣುನಾಯಿ ತಾನಾಗಿ ಬಂದು ಮೆಟ್ಟಿಲ ಮೇಲೆ ಮಲಗಿದ್ದು, ಈಗ ಮುದಿಯಾಗಿ ಪೂರಾ ಕಿವುಡಾಗಿದೆ. ಕರಿನಾಯಿಯನ್ನು ಮಾತ್ರ ನಾನೇ ಬೇಕೆಂದು ಮರಿಯಲ್ಲಿ ತಂದೆ. ಅದಕ್ಕೆ ನಾನು ಕಲಿಸಿದ್ದು ಒಂದೇ ವಿದ್ಯೆ, ಛೂ. ಕೈ ಯಾವ ಕಡೆಗೂ ತೋರಿಸಬೇಕಿಲ್ಲ, ಛೂ ಅಂದರೆ ಸಾಕು, ಕಣ್ಣೆದುರು ಓಡಾಡುವ ಯಾವುದರ ಮೇಲಾದರೂ ಹಾರುತ್ತಿತ್ತು. ಒಂದು ಸಂಜೆ ಕುಡಿದವನೊಬ್ಬ ಗೇಟು ಹಿಡಿದು ಅಲ್ಲಾಡಿಸುತ್ತ ನಿಂತಿದ್ದ. ನಾನು ಛೂ ಅಂದೆ. ಅವನು ಒಂದು ಚಪ್ಪಲಿ ಬಿಟ್ಟು ಓಡಿದ. ಆ ದಿನ ನಾಯಿಗೆ ಎರಡು ಮೊಟ್ಟೆ ಬೇಯಿಸಿ ಹಾಕಿದೆ. ಆ ಒಂದಕ್ಷರದ ಧೈರ್ಯದ ಮೇಲೆ ನಾನು ಅಷ್ಟು ವರ್ಷ ನಿದ್ದೆ ಮಾಡಿದ್ದೇನೆ.

ಬೆಕ್ಕುಗಳು ಇವರವು, ಈಗಿನ ನನ್ನ ಗಂಡನವು. ಇವರು ಹರಿಹರದಲ್ಲಿ ಲೇತ್ ಕೆಲಸ ಮಾಡುವವರು, ಐವತ್ತರ ಹತ್ತಿರ, ಅಲ್ಲಿಯವರೆಗೆ ಮದುವೆಯಾದವರಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಕಳೆದಿತ್ತು. ತಾಯಿ ಹೋದ ಮೇಲೆ ಅವರ ಹಳೇ ಸೀರೆಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಕೌದಿ ಹೊಲಿಸಲು ನನ್ನ ಹತ್ತಿರ ಬಂದರು. ಕೌದಿ ಕೈಯಲ್ಲಿ ಹೊಲಿಯುವುದು ಅಭ್ಯಾಸವಿಲ್ಲ, ಮಷೀನಿನಲ್ಲಿ ಆಗುತ್ತದೆ ಅಂದೆ. "ಹೆಂಗಾದ್ರೂ ಆಗ್ಲಿರಿ, ನನಗಲ್ಲ, ಬೆಕ್ಕಿಗೆ" ಅಂದರು. ತಾಯಿ ಸಾಕಿದ ಮುದಿ ಬೆಕ್ಕು ಆ ಸೀರೆಗಳ ಮೇಲಿಂದ ಏಳುತ್ತಲೇ ಇರಲಿಲ್ಲವಂತೆ. ಬೆಕ್ಕಿಗೆ ಕೌದಿ ಹೊಲಿಸುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ಕೌದಿ ಒಂದು ವಾರದಲ್ಲಿ ಮುಗಿಯಿತು. ಅದಕ್ಕೊಂದು ಅಂಚು, ಇದಕ್ಕೊಂದು ತೇಪೆ ಎಂದು ನಾನು ಅವರನ್ನು ಎರಡು ತಿಂಗಳು ಓಡಾಡಿಸಿದೆ.

ಮದುವೆಯ ಮಾತು ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ಅದೂ ನನ್ನ ಬಗ್ಗೆ ಅಲ್ಲ.

"ನಿಮ್ಮ ನಾಯಿಗೆ ಛೂ ಅನ್ನೋದು ಕಲಿಸಿಲ್ಲಲ್ರಿ? ಯಾಕಂದ್ರ ನಮ್ಮನೇಲಿ ಬೆಕ್ಕನ್ನ ಹಂಗೇ ಕರೆಯೋದು."

ತಾಯಿ ಮೊದಲು ಎಲ್ಲರಂತೆ ಚುಚುಚು ಎಂದು ಕರೆಯುತ್ತಿದ್ದರಂತೆ. ಹಲ್ಲು ಬಿದ್ದಮೇಲೆ ಅದು ಬಾಯಲ್ಲಿ ನಿಲ್ಲದೆ ಉದ್ದನೆಯ ಛೂ ಆಯಿತು. ಬೆಕ್ಕುಗಳು ಅದನ್ನೇ ಕಲಿತವು, ಮಗನೂ ಅದನ್ನೇ ಮುಂದುವರಿಸಿದ. "ಅವ್ವಂದು ಇನ್ನೂ ಬ್ಯಾರೆ ಇತ್ತು. ಮೊದ್ಲು ಗಾಳಿ ಬರೋದು, ಹಿಂದಿಂದ ಶಬ್ದ" ಎಂದು ತುಟಿ ಎರಡನ್ನೂ ಒಳಗೆ ಮಡಚಿ ಕರೆದು ತೋರಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಹೇಳಿದೆ, "ಇಲ್ರಿ, ನಮ್ಮ ನಾಯಿಗೆ ಅನ್ನ ಬಿಟ್ರೆ ಬ್ಯಾರೆ ಭಾಷೆ ಗೊತ್ತಿಲ್ಲ."

ಯಾಕೆ ಹಾಗಂದೆ? ನಲವತ್ತಾರು ವರ್ಷದವಳನ್ನು ಕೇಳಿಕೊಂಡು ಬಂದ ಒಬ್ಬ ಒಳ್ಳೆಯ ಮನುಷ್ಯ ಒಂದು ನಾಯಿಯ ಕಾರಣಕ್ಕೆ ತಿರುಗಿ ಹೋಗಿಬಿಟ್ಟರೆ ಎಂದು ಭಯವಾಯಿತು. ಅಷ್ಟೇ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ರಿಜಿಸ್ಟರ್ ಮದುವೆಯಾಯಿತು, ಮಂಡಕ್ಕಿ ಮಿರ್ಚಿ ಹಂಚಿದ್ದಾಯಿತು, ಅವರು ಹರಿಹರದ ಬಾಡಿಗೆ ಮನೆ ಬಿಟ್ಟಿದ್ದೂ ಆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನಾನು ಸುಮ್ಮನಿದ್ದೆ.

ಆವರಗೆರೆಯಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಒಂದು ಉಪಾಯ ಹೇಳಿದ್ದಳು. "ಬೆಕ್ಕನ್ನ ಚೀಲಕ್ಕೆ ಹಾಕಿ ಮೂರು ಸುತ್ತು ತಿರುಗ್ಸಿ ತರ್ರಿ, ಹಳೇ ಮನೆ ದಾರಿ ಮರೀತಾವೆ." ಇವರು ಒಪ್ಪಲಿಲ್ಲ. "ಬ್ಯಾಡ್ರಿ, ತಲೆ ತಿರುಗಿ ವಾಂತಿ ಮಾಡ್ಕೊಂತಾವೆ." ಟೊಮೆಟೊ ಕ್ರೇಟುಗಳ ಮೇಲೆ ಬಲೆ ಕಟ್ಟಿ, ಮುದಿ ಬೆಕ್ಕನ್ನು ಕೌದಿ ಸಮೇತ ತೊಡೆಯ ಮೇಲಿಟ್ಟುಕೊಂಡು ಲಗೇಜ್ ಆಟೋದಲ್ಲಿ ಬಂದಿಳಿದರು. ಮುದಿ ಬೆಕ್ಕಿಗೆ ಒಂದೇ ಕಿವಿ. ಉಳಿದೆರಡು ಅದರ ಮೊಮ್ಮಕ್ಕಳೋ ಮರಿಮಕ್ಕಳೋ, ಹಳದಿ ಬಣ್ಣದವು. ಇವರು ಅವುಗಳ ಜೊತೆ ಮಾತಾಡುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚು. ಬೆಕ್ಕಿಗೆ ಬಾ, ಹೋಗು, ಉಣ್ಣು. ನನಗೆ ಬರ್ರಿ, ಹೋಗ್ರಿ, ಊಟ ಮಾಡ್ರಿ. "ನಾನೂ ನಾಕು ಕಾಲಲ್ಲಿ ನಡೆದ್ರೆ ಏಕವಚನ ಸಿಗ್ತೈತೇನ್ರಿ?" ಎಂದು ಕೇಳಿದ್ದಕ್ಕೆ ಕಿವಿಯವರೆಗೂ ಕೆಂಪಾದರು.

ಮೊದಲ ಏಳು ದಿನ ಮನೆ ಮನೆಯಾಗಿರಲಿಲ್ಲ, ಗಡಿಯಾಗಿತ್ತು. ಬೆಕ್ಕುಗಳು ಒಳಕೋಣೆಯಲ್ಲಿ, ನಾಯಿಗಳು ಹೊರಗೆ. ಬೆಳಿಗ್ಗೆ ನಾಯಿ ಕಟ್ಟಿ ಬೆಕ್ಕು ಬಿಡುವುದು, ಮಧ್ಯಾಹ್ನ ಬೆಕ್ಕು ಕೂಡಿಹಾಕಿ ನಾಯಿ ಬಿಡುವುದು. ಕರಿನಾಯಿ ಕೋಣೆಯ ಬಾಗಿಲಡಿ ಮೂಗು ತುರುಕಿ ಬುಸ್ ಬುಸ್ ಎನ್ನುತ್ತಿತ್ತು, ಆಚೆಯಿಂದ ಒಂದು ಪಂಜ ಬರುತ್ತಿತ್ತು. ಚಿಲಕ ಹಾಕಿದೆನೋ ಇಲ್ಲವೋ ಎಂದು ನಾನು ಅಡುಗೆ ನಡುವೆ ಹತ್ತು ಸಲ ಓಡುತ್ತಿದ್ದೆ. ಇವರು "ಛೂ" ಎಂದು ಬಾಯಿ ತೆರೆಯುವ ಮೊದಲೇ ನಾನು ರೇಡಿಯೋ ಹಾಕುತ್ತಿದ್ದೆ, ಇಲ್ಲವೇ ನಾಯಿಯನ್ನು ಹಿತ್ತಲಿಗೆ ಎಳೆದೊಯ್ಯುತ್ತಿದ್ದೆ.

ಎಂಟನೆಯ ದಿನ ಭಾನುವಾರ. ಹೊಲಿದ ಬ್ಲೌಸುಗಳನ್ನು ಕೊಟ್ಟು ಬರಲು ಹೋಗಿದ್ದೆ. ಗೇಟಿನ ಹತ್ತಿರ ಬರುವಾಗ ಕಂಡಿತು: ಕರಿನಾಯಿ ಕಟ್ಟಿಲ್ಲದೆ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಮಲಗಿದೆ, ಮುದಿ ಬೆಕ್ಕು ಅದರಿಂದ ನಾಲ್ಕು ಮಾರು ದೂರದಲ್ಲಿ ಮೀಸೆ ನೆಕ್ಕುತ್ತ ಕೂತಿದೆ. ಇವರು ಹೊಸ್ತಿಲಲ್ಲಿ ಹಾಲನ್ನದ ತಟ್ಟೆ ಹಿಡಿದು ನಿಂತಿದ್ದಾರೆ, ಮುಖದ ತುಂಬಾ ನಗು. ನನಗೆ ತೋರಿಸಬೇಕೆಂದೇ ಮಾಡಿದ್ದರಂತೆ. ಒಂದು ತಾಸಿನಿಂದ ಎರಡೂ ಹಾಗೇ ಇದ್ದವಂತೆ, ಜಗಳವಿಲ್ಲ, ತಂಟೆಯಿಲ್ಲ. ನಾನು "ಬ್ಯಾಡ" ಎಂದು ಕೂಗುವಷ್ಟರಲ್ಲಿ ಅವರು ಪ್ರೀತಿಯಿಂದ ಬೆಕ್ಕನ್ನು ಊಟಕ್ಕೆ ಕರೆದರು.

"ಛೂ... ಛೂ..."

ನಾಯಿ ಎದ್ದದ್ದು ಕಾಣಲಿಲ್ಲ, ಹಾರಿದ್ದು ಕಂಡಿತು. ಬೆಕ್ಕು ಕಾಂಪೌಂಡು ಏರಿ, ಪಕ್ಕದ ಸೈಟಿನಲ್ಲಿ ಅರ್ಧಕ್ಕೆ ನಿಂತಿದ್ದ ಕಟ್ಟಡದೊಳಗೆ ನುಗ್ಗಿತು. ನಾಯಿಯ ಬಾಯಲ್ಲಿ ಒಂದು ಹಿಡಿ ಕೂದಲಿತ್ತು. ಅದು ಬಾಲ ಅಲ್ಲಾಡಿಸುತ್ತ ನನ್ನ ಕಾಲ ಬಳಿ ಬಂದು ಕೂತಿತು. ಮೊಟ್ಟೆ ಬೇಕಿತ್ತು ಅದಕ್ಕೆ.

"ಏನಾತ್ರಿ ಇದಕ್ಕ? ಸುಮ್ನಿತ್ತಲ್ರಿ ಇಷ್ಟೊತ್ತು!" ಇವರು ತಟ್ಟೆ ಹಿಡಿದುಕೊಂಡೇ ಕಾಂಪೌಂಡಿನ ಕಡೆ ಓಡಿದರು.

"ನಾಯಿ ಬುದ್ಧಿ ಅಲ್ವೇನ್ರಿ" ಅಂದೆ. ಅದು ಎರಡನೆಯ ಸುಳ್ಳು.

ಬೆಕ್ಕು ಎರಡನೇ ಮಹಡಿಯ ಸಜ್ಜೆಯ ಮೇಲೆ ಹೋಗಿ ಕೂತಿತ್ತು. ಸಂಜೆ ಇವರು ಕೆಳಗೆ ನಿಂತು ಛೂ ಎಂದು ಕರೆದರು. ಆ ಶಬ್ದ ಕೇಳಿದ್ದೇ ತಡ, ಅದು ಬೆದರಿ ಇನ್ನೂ ಮೂಲೆಗೆ ಸರಿಯಿತು. ಈ ಕಡೆಯಿಂದ ಕರಿನಾಯಿ ಸರಪಳಿ ಕಿತ್ತುಕೊಂಡು ಬರುವಂತೆ ಬೊಗಳಿತು. ಹತ್ತು ವರ್ಷ ಊಟಕ್ಕೆ ಕರೆದ ಮಾತು ಒಂದೇ ದಿನದಲ್ಲಿ ಕಚ್ಚುವ ಮಾತಾಗಿತ್ತು. ಆಮೇಲೆ ಇವರು ಕರೆಯುವುದನ್ನೇ ಬಿಟ್ಟರು. ರೇಲಿಂಗಿಲ್ಲದ ಮೆಟ್ಟಿಲು ಹತ್ತಿ ಹೋದರೆ ಬೆಕ್ಕು ಕೈಗೆ ಸಿಗದಂತೆ ಸಜ್ಜೆಯಿಂದ ಸಜ್ಜೆಗೆ ಜಾರುತ್ತಿತ್ತು. ತಟ್ಟೆ ಇಟ್ಟು ಬಂದರೆ ಕಾಗೆಗಳು ತಿನ್ನುತ್ತಿದ್ದವು.

ಮರುದಿನ ಸಂಜೆ ಇವರು ಕೆಲಸ ಮುಗಿಸಿ ಬಂದು ಚಹಾದ ಲೋಟ ಕೈಯಲ್ಲೇ ಹಿಡಿದುಕೊಂಡು ಹೇಳಿದರು. "ಹರಿಹರದಾಗ ನಮ್ಮ ಓಣೀಲೇ ಒಂದು ರೂಮು ಖಾಲಿ ಐತಂತ್ರಿ. ಅದು ಕೆಳಗಿಳಿದ್ರೆ ಮೂರೂ ತಗೊಂಡು ಸ್ವಲ್ಪ ದಿವ್ಸ ಅಲ್ಲಿರ್ತೀನಿ. ನಿಮ್ಮದೇನೂ ತಪ್ಪಿಲ್ಲ. ನನ್ನ ಬಾಯಿಂದ್ಲೇ ಆಗಿದ್ದು."

ನಿಮ್ಮದೇನೂ ತಪ್ಪಿಲ್ಲ ಎಂಬ ಮಾತನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ನನ್ನ ಬಾಯಿ ಏನು ಕಡಿಮೆಯೇ. ಎಲ್ಲ ಹೇಳಿಬಿಟ್ಟೆ. ಛೂ ಕಲಿಸಿದವಳು ನಾನೇ, ಅದಕ್ಕಾಗಿಯೇ ನಾಯಿ ಸಾಕಿದ್ದು, ನೀವು ಕೇಳಿದ ದಿನ ಬೇಕೆಂದೇ ಸುಳ್ಳು ಹೇಳಿದೆ, ನೀವು ಹೋಗಿಬಿಡುತ್ತೀರಿ ಅನ್ನಿಸಿತು. ಅವರು ಕುಡಿಯದ ಲೋಟವನ್ನು ಕೆಳಗಿಟ್ಟರು. ಚಹಾದ ಮೇಲೆ ಕೆನೆ ಕಟ್ಟಿತ್ತು.

"ಕೇಳಿದ್ನಲ್ರಿ ನಾನು" ಅಂದರು. ಅಷ್ಟೇ. ಎದ್ದು ಹೋಗಿ ಹಳದಿ ಬೆಕ್ಕುಗಳ ಕೋಣೆಯಲ್ಲಿ ಮಲಗಿದರು.

ಬೆಳಕು ಹರಿದದ್ದೇ ಕರಿನಾಯಿಯನ್ನು ಸ್ಕೂಟಿಯ ಕಾಲಡಿ ಕೂರಿಸಿಕೊಂಡು ಆವರಗೆರೆಗೆ ಹೋಗಿ ಅಕ್ಕನ ಮನೆಯ ಕಂಬಕ್ಕೆ ಕಟ್ಟಿದೆ. "ಗಂಡನ್ನ ಇಟ್ಕೊಂತೀಯೋ ನಾಯಿನ ಇಟ್ಕೊಂತೀಯೋ ಮೊದ್ಲು ಅದನ್ನ ನಿರ್ಧಾರ ಮಾಡವ್ವ" ಎಂದು ಅಕ್ಕ ನಕ್ಕಳು. ನನಗೆ ಅಳು ಬಂತು. ಗೇಟು ದಾಟುವಾಗ ನಾಯಿ ಬೊಗಳಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಿತ್ತು. ಹೇಳಿಕೊಟ್ಟ ಪಾಠ ಸರಿಯಾಗಿ ಒಪ್ಪಿಸಿದ್ದಕ್ಕೆ ಅದಕ್ಕೆ ಶಿಕ್ಷೆ.

ಮನೆಗೆ ಬಂದವಳು ಒಳಗೆ ಹೋಗಿ ಕೌದಿ ಎತ್ತಿಕೊಂಡೆ, ಹಾಲನ್ನ ಕಲಸಿದೆ, ಸೀದಾ ಆ ಕಟ್ಟಡ ಹತ್ತಿದೆ. ಇವರು ಕೆಲಸಕ್ಕೆ ಹೋಗಿರಲಿಲ್ಲ. ನನ್ನ ಹಿಂದೆಯೇ ಬಂದು ಕೆಳಗೆ ಜಲ್ಲಿ ರಾಶಿಯ ಹತ್ತಿರ ನಿಂತರು. "ಬಿದ್ದೀರಿ, ಇಳೀರಿ" ಅಂದರು. ನಾನು ಇಳಿಯಲಿಲ್ಲ. ಎರಡನೇ ಮಹಡಿಯ ಕೊನೆಯ ಮೆಟ್ಟಿಲ ಮೇಲೆ ಕೌದಿ ಹಾಸಿ, ತಟ್ಟೆ ಇಟ್ಟು ಕೂತೆ. ಬೆಕ್ಕು ಸಜ್ಜೆಯ ತುದಿಯಲ್ಲಿ ಮುದುರಿಕೊಂಡಿತ್ತು, ಬೆನ್ನಿನ ಮೇಲೆ ಕೂದಲು ಕಿತ್ತ ಜಾಗ ಕೆಂಪಗಿತ್ತು. ಎರಡು ದಿನದ ಹಸಿವು, ಆದರೂ ಅನ್ನದ ಕಡೆ ನೋಡಲಿಲ್ಲ.

ಛೂ ಅನ್ನುವ ಧೈರ್ಯ ನನಗಿರಲಿಲ್ಲ. ಬೇರೆ ಏನೆಂದು ಕರೆದರೂ ಅದಕ್ಕೆ ಗೊತ್ತಿಲ್ಲ. ಆಗ ಅವರು ತುಟಿ ಮಡಚಿ ತೋರಿಸಿದ್ದು ನೆನಪಾಯಿತು. ನಾನೂ ಎರಡೂ ತುಟಿಗಳನ್ನು ಹಲ್ಲಿನ ಒಳಗೆ ಮಡಚಿ ಹಿಡಿದೆ. ಮೊದಲು ಗಾಳಿ ಬಿಟ್ಟೆ, ಹಿಂದಿನಿಂದ ಶಬ್ದ. ಹ್ಫೂ... ವ್ವ. ನಾನು ಮುಖ ನೋಡದ ಆ ಮುದುಕಿಯ ಬಾಯಿ ನನಗೆ ಬರುವುದೆಂದು ಯಾವ ಭರವಸೆಯೂ ಇರಲಿಲ್ಲ. ಎಂಜಲು ಸಿಡಿಯಿತು. ಮತ್ತೆ ಕರೆದೆ. ನಾಲ್ಕನೆಯದೋ ಐದನೆಯದೋ ಸಲಕ್ಕೆ ಬೆಕ್ಕಿನ ಒಂದೇ ಕಿವಿ ನನ್ನ ಕಡೆ ತಿರುಗಿತು.

ಕೆಳಗೆ ಜಲ್ಲಿಯ ಮೇಲೆ ಹೆಜ್ಜೆ ಸದ್ದಾಯಿತು. ಇವರು ಮೇಲೆ ನೋಡುತ್ತಿದ್ದರು, ಬಾಯಿ ತೆರೆದೇ ಇತ್ತು. "ಅವ್ವ..." ಅಂದಂತೆ ಕೇಳಿಸಿತು. ನಾನು ಆ ಕಡೆ ತಿರುಗಲಿಲ್ಲ, ತಿರುಗಿದರೆ ತುಟಿ ಬಿಟ್ಟುಹೋಗುತ್ತಿತ್ತು. ಬೆಕ್ಕು ಒಂದೊಂದೇ ಕಾಲು ಇಟ್ಟು ಬಂತು. ಕೌದಿಯನ್ನು ಮೂಸಿತು, ಎರಡು ಸಲ ಉಗುರಿನಿಂದ ಕೆರೆಯಿತು, ಆಮೇಲೆ ತಟ್ಟೆಗೆ ಬಾಯಿ ಹಾಕಿತು. ಅದು ತಿಂದು ಮುಗಿಸುವವರೆಗೂ ನಾನು ಕೈಯಾಡಿಸಲಿಲ್ಲ. ಜೀವನದಲ್ಲಿ ನಾನು ಅಷ್ಟು ಹೊತ್ತು ಅಲ್ಲಾಡದೆ ಕೂತಿದ್ದು ಅದೊಂದೇ ಸಲ ಇರಬೇಕು.

ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಕೆಳಗಿಳಿದೆ. ಇವರು ಎರಡೂ ಕೈ ಚಾಚಿ ತೆಗೆದುಕೊಂಡರು. ಗಾಯ ನೋಡಿದರು, ಅದರ ನೆತ್ತಿಗೆ ತಮ್ಮ ಗದ್ದ ಒತ್ತಿದರು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಭುಜಕ್ಕೆ ಒರೆಸಿಕೊಂಡರು. ರೂಮಿನ ಮಾತು ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಖಾಲಿ ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ. ಅವರು ನಮ್ಮ ಅಂಗಳದ ಕಡೆ, ಖಾಲಿ ಸರಪಳಿಯ ಕಡೆ ನೋಡಿದರು.

"ಕರಿನಾಯಿ ಎಲ್ಲಿ?"

"ಅಕ್ಕನ ಮನೇಲಿ ಬಿಟ್ಟುಬಂದೆ."

ಅವರು ಬೆಕ್ಕನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಮನೆಯ ಕಡೆ ನಡೆದರು. ಗೇಟಿನ ಹತ್ತಿರ ನಿಂತು, ನನ್ನ ಕಡೆ ಪೂರ್ತಿ ತಿರುಗದೆಯೇ ಹೇಳಿದರು.

"ಹೋಗು, ಕರ್ಕೊಂಡು ಬಾ ಅದನ್ನ. ಉಪವಾಸ ಇರ್ತೈತೆ."

ಹೋಗು ಅಂದರು. ಬಾ ಅಂದರು. ಕೊನೆಯಲ್ಲಿ ರಿ ಇರಲಿಲ್ಲ. ನಾನು ತಟ್ಟೆಯನ್ನು ಜಲ್ಲಿಯ ಮೇಲೇ ಬಿಟ್ಟು ಸ್ಕೂಟಿ ಹತ್ತಿದೆ.