ಮಗಳಿಗೆ ಕಾಮಣಿ ಎಂದು ಹೇಳಿದ್ದೆ

ನನ್ನ ಮೊಮ್ಮಗಳಿಗೆ ಈಗ ನಾಲ್ಕು ಹಲ್ಲು. ಫೋನಿನಲ್ಲಿ ನನ್ನ ಮುಖ ಕಂಡರೆ ಫೋನನ್ನೇ ಕಚ್ಚಲು ಬರುತ್ತಾಳೆ. ಬಸ್ಸಿನಲ್ಲಿ, ಬಸವಕಲ್ಯಾಣದ ಸಂತೆಯಲ್ಲಿ, ಯಾರು ಸಿಕ್ಕರೂ ನಿಲ್ಲಿಸಿ ಇದನ್ನೇ ಹೇಳುತ್ತೇನೆ. ಕೇಳಿ ಕೇಳಿ ಜನಕ್ಕೆ ಸಾಕಾಗಿದೆ, ನನಗೆ ಹೇಳಿ ಸಾಕಾಗಿಲ್ಲ. ಇಷ್ಟು ಹಿಗ್ಗಿದ್ದರೂ ಹೊಟ್ಟೆಯೊಳಗಿನ ಸಿಟ್ಟು ಇಳಿದಿಲ್ಲ. ನಾಲ್ಕನೇ ಇಯತ್ತೆ ಕಲಿತವಳು ಕಾಗದ ಹಿಡಿದು ಕೂತಿದ್ದರೆ ಅದು ಆ ಸಿಟ್ಟಿನಿಂದಲೇ.

ಚೊಚ್ಚಲ ಬಾಣಂತನಕ್ಕೆ ಮಗಳು ಹುಮನಾಬಾದಿನ ಅತ್ತೆಮನೆಯಿಂದ ನಮ್ಮ ಮೋರಖಂಡಿಗೆ ಬಂದಿದ್ದಳು. ಹೆಣ್ಣು ಹುಟ್ಟಿತು. ಆರನೇ ದಿನದಿಂದ ಮಗಳಿಗೆ ನಿದ್ದೆಯೇ ಹೋಯಿತು. ಕೂಸು ಅತ್ತರೆ ಗೋಡೆಯ ಕಡೆ ಹೊರಳುತ್ತಿದ್ದಳು.

"ಅದನ್ನ ನನ್ನ ಹತ್ರ ತರಬ್ಯಾಡ ಎವ್ವಾ. ಅದಕ್ಕ ಏನಾರ ಮಾಡು ಅಂತ ಕಿವ್ಯಾಗ ಯಾರೋ ಹೇಳಾಕತ್ತಾರ."

ಅಂದೇ ಬಸವಕಲ್ಯಾಣದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ.

"ಹಡದ ಮ್ಯಾಲ ಕೆಲವರಿಗೆ ಹಿಂಗ ತೆಲಿಗೆ ಜಡ್ಡು ಬರ್ತದ್ರಿ. ಪೂರಾ ಆರಾಮ ಆಗ್ತಾಳ. ಗುಳಗಿ ಒಂದೂ ತಪ್ಪಸಬ್ಯಾಡ್ರಿ. ಕೂಸಿನ ಜೋಡಿ ಒಬ್ಬಾಕಿನ್ನೇ ಬಿಡಬ್ಯಾಡ್ರಿ" ಎಂದರು ಆಕೆ.

ಹತ್ತು ದಿನಕ್ಕೆ ನಿದ್ದೆ ಬಂತು. ಮಗಳು ಕೂಸಿನ ಅಂಗಾಲು ಮುಟ್ಟಿ ನೋಡಿದಳು. ಅಷ್ಟರಲ್ಲಿ ಬೀಗತಿಯ, ಎಂದರೆ ಅಳಿಯನ ತಾಯಿಯ, ಫೋನು ಬಂತು.

"ದವಾಖಾನಿಗೆ ಹೋಗಿದ್ರಂತ. ಏನಾಗ್ಯಾದ್ರಿ ನಮ್ಮ ಸೊಸಿಗೆ?"

ತಲೆಯ ಜಡ್ಡು ಎಂದರೆ ಮಗಳ ಸಂಸಾರ ಮುಗಿದಂತೆ. ಕೂಸನ್ನಷ್ಟೇ ಒಯ್ದು ಇವಳನ್ನು ಬಿಟ್ಟುಬಿಡುತ್ತಾರೆ. ಬಾಯಿಗೆ ಬಂದದ್ದು ಹೇಳಿದೆ: "ಕಾಮಣಿ ಆಗ್ಯಾದ್ರಿ. ಕಣ್ಣು ಹಳದಿ ಆಗ್ಯಾವ."

ಕಾಮಾಲೆ ಬಂದಿದೆ ಎಂದು ಹೇಳಿಕೊಳ್ಳಲು ನಮ್ಮಲ್ಲಿ ಯಾರಿಗೂ ನಾಚಿಕೆಯಿಲ್ಲ. ಓಣಿಯ ಹೆಂಗಸರೆಲ್ಲ ಮಜ್ಜಿಗೆ ಹಿಡಿದು ನೋಡಲು ಬಂದರು. ಒಬ್ಬಳು ಮಗಳ ರೆಪ್ಪೆ ಎತ್ತಿ, "ಹೌದವಾ, ಅರಿಷಿಣ ಹಚ್ಚಿದಂಗ ಆಗ್ಯಾವ" ಎಂದಳು. ಹಾಲಿನಂಥ ಬಿಳಿ ಕಣ್ಣು ಅವು! ಮರುದಿನ ಬೀಗತಿ ಎಲ್ಲಿಂದಲೋ ಸೊಪ್ಪಿನ ಔಷಧಿ ತಂದಳು. ಒಂಬತ್ತು ದಿನ ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ.

"ಇದರ ಜೋಡಿ ಅಂಗ್ರೇಜಿ ಗುಳಗಿ ನಡಿಯಂಗಿಲ್ರಿ. ಬಂದ್ ಮಾಡ್ರಿ" ಎಂದು, ಪಥ್ಯ ಕಾಯಲು ನಮ್ಮ ಮನೆಯಲ್ಲೇ ಉಳಿದಳು.

ನಿಜ ಹೇಳುವ ಬಾಗಿಲು ಆಗಲೂ ತೆರೆದೇ ಇತ್ತು. ನಾನು ಗುಳಿಗೆಗಳನ್ನು ಜೋಳದ ಡಬ್ಬಿಯೊಳಗೆ ಹುಗಿದೆ. ನನ್ನ ಈ ಕೈಯಿಂದಲೇ ಹುಗಿದೆ. ಜನರ ಮೇಲಿನ ಸಿಟ್ಟು ಒಂದು ತೂಕವಾದರೆ ಈ ಕೈಯ ಮೇಲಿನದು ಎರಡು ತೂಕ.

ಐದನೇ ದಿನ ನಿದ್ದೆ ಮತ್ತೆ ಹೋಯಿತು. ಏಳನೇ ದಿನ ಬೆಳಿಗ್ಗೆ, ಬೀಗತಿ ಇನ್ನೂ ಮಲಗಿದ್ದಾಗ, ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಮಗಳೂ ಇಲ್ಲ, ಕೂಸೂ ಇಲ್ಲ. ಕೂಸು ಕುರಿಮರಿಗಳ ದೊಡ್ಡಿಯಲ್ಲಿತ್ತು, ಸೀರೆಯಲ್ಲಿ ಬೆಚ್ಚಗೆ ಸುತ್ತಿ ಹುಲ್ಲಿನ ಮೇಲೆ ಮಲಗಿಸಿದ್ದಳು. ತನ್ನ ಕೈಗೆ ಸಿಗದೆ ಅದು ಉಳಿಯಲೆಂದು. ತಾನು ಬರಿಗಾಲಲ್ಲಿ ಡಾಂಬರು ರಸ್ತೆ ಹಿಡಿದಿದ್ದಳು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ನಮ್ಮ ಮನೆಯವರು ಕಂಡು ಕೈಹಿಡಿದು ಕರೆತಂದರು.

ಬೀಗತಿಯ ಮುಂದೆ ನಿಂತು ಹೇಳಿದೆ: "ಕಾಮಣಿ ಅಲ್ರಿ. ಹಡದ ಮ್ಯಾಲ ತೆಲಿಗೆ ಜಡ್ಡು ಬಂದಾದ. ನಾ ಸುಳ್ಳು ಹೇಳೀನಿ."

"ಹುಚ್ಚೀನ್ನ ಕಟ್ಟಿದ್ರೇನ್ರಿ ನನ್ನ ಮಗನಿಗೆ? ಕೂಸಿನ್ನ ಕೊಡ್ರಿ ಇಲ್ಲಿ, ನಾ ಒಯ್ತೀನಿ. ಆಕಿ ನಿಮ್ಮ ಮನ್ಯಾಗೇ ಇರ್ಲಿ."

ಬಾಗಿಲಲ್ಲಿ ಓಣಿಯೇ ನೆರೆದಿತ್ತು, ಅರಿಷಿಣ ಕಂಡವಳೂ ಇದ್ದಳು. ನನಗೆ ತಡೆಯಲಾಗಲಿಲ್ಲ.

"ಹೊಸದಾಗಿ ಈದ ಕುರಿ ಒಮ್ಮೊಮ್ಮೆ ಮರಿಗೆ ಒದೀತದ, ಮೊಲಿ ಕೊಡಂಗಿಲ್ಲ. ಅದಕ್ಕ ಹುಚ್ಚಗುರಿ ಅಂತ ಹೊರಗ ಹಾಕ್ತೀವೇನು? ಬ್ಯಾರೆ ಕಟ್ಟಿ, ಬೆಲ್ಲದ ನೀರು ಕುಡಿಸಿ, ಹಿಡಕೊಂಡು ಮರೀಗಿ ಕುಡಿಸ್ತೀವಿ. ಕುರೀಗಿ ಕೊಡೋ ನಾಕ ದಿನ ನನ್ನ ಮಗಳಿಗಿ ಕೊಡಂಗಿಲ್ಲೇನು?"

"ಕುರಿ ಪುರಾಣ ಸಾಕ್ರಿ! ಸುಳ್ಳು ಹೇಳಂತ ನಿಮಗ ಕುರಿ ಹೇಳಿತ್ತೇನು?"

ಬೀಗತಿ ಕೂಸಿಗೆ ಕೈ ಚಾಚಿದಳು. ಮೂಲೆಯಿಂದ ಮಗಳು ಮೆಲ್ಲಗೆ ಹೇಳಿದಳು: "ಒಯ್ರಿ ಅತ್ತಿ. ನನ್ನಿಂದ ದೂರ ಇದ್ರ ಅದು ಉಳೀತದ. ರಾತ್ರಿ ಬಲಮಗ್ಗಲಿಗಿ ಹಾಕ್ರಿ, ಎಡಕ ಹಾಕಿದ್ರ ಅಳ್ತದ."

ಬೀಗತಿಯ ಕೈ ಅಲ್ಲೇ ನಿಂತಿತು. ಆಮೇಲೆ ನನ್ನತ್ತ ತಿರುಗಿ ಗದರಿದಳು: "ಎಲ್ಲಿ ಇಟ್ಟೀರಿ ಆ ಗುಳಗಿ? ತೆಗೀರಿ. ಡಾಕ್ಟರ ಬಾಯಿಂದ ನಾನೂ ಕೇಳ್ತೀನಿ, ನಡೀರಿ."

ಆರು ತಿಂಗಳಿಗೆ ತಾಯಿ ಮಗು ಕೂಡಿಯೇ ಹುಮನಾಬಾದಿಗೆ ಹೋದರು. ಹೋದ ವಾರ ನಾನೂ ಹೋಗಿದ್ದೆ. ಪಕ್ಕದ ಮನೆಯವಳು ಗುಳಿಗೆ ನೋಡಿ ಏತಕ್ಕೆಂದು ಕೇಳಿದಳು. "ಶಕ್ತಿ ಗುಳಗಿ" ಎಂದಳು ಬೀಗತಿ, ನೆಲ ನೋಡುತ್ತ.

"ಯಾವ ಶಕ್ತಿ? ತೆಲಿ ಜಡ್ಡಿನ ಗುಳಗಿ ಅವು! ಕಳವು ಮಾಡಿ ತಂದೀವೇನು ಮುಚ್ಚಾಕ?" ನನ್ನ ದನಿ ಬೀದಿಗೆ ಕೇಳಿಸಿತು. ಪಕ್ಕದವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಹೋಗಲಿ, ನಾಲ್ಕು ಮನೆಗೆ ಹೇಳಲಿ! ಅವಳ ಬೆನ್ನಿಗೆ ಇನ್ನೂ ನಾಲ್ಕು ಮಾತು ಎಸೆಯುತ್ತಿದ್ದೆ.

ತೊಡೆಯ ಮೇಲೆ ಮಗುವನ್ನು ತಟ್ಟುತ್ತಿದ್ದ ಮಗಳು ನನ್ನತ್ತ ಕಣ್ಣು ಬಿಟ್ಟಳು.

"ಎವ್ವಾ, ಬಾಯಿ ಸಣ್ಣ ಮಾಡು. ಈಗರ ಮಲಗ್ಯಾಳ."