ವರ್ಡೆಲ್ ಬರೆಯುವ ಪಟ್ಟಿ

ಅಮೆರಿಕದ ಟೆನೆಸಿಯ ಹೆದ್ದಾರಿ ಹೋಟೆಲಿನಲ್ಲಿ ಕಾಫಿ ಬಗ್ಗಿಸುವ ಎಪ್ಪತ್ತರ ವರ್ಡೆಲ್‌ಗೆ ದಿನಾ ಬೆಳಿಗ್ಗೆ ಒಂದೇ ಜಗಳ: ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲಿನಲ್ಲಿ ಸಾರ್ವಕಾಲಿಕ ಘಟಾನುಘಟಿ ಕಾಲೇಜುಗಳು ಯಾವುವು? ಟಿಶ್ಯೂ ಕಾಗದದ ಮೇಲೆ ನಾಲ್ಕೇ ಹೆಸರು ಬರೆಯುತ್ತಾಳೆ. ಮೊದಲನೆಯದು ಟೆನೆಸಿ, ಅದಕ್ಕೆ ದೇವರ ಅಪ್ಪಣೆಯೂ ಬೇಕಿಲ್ಲ. "ಕನೆಕ್ಟಿಕಟ್ ನಮಗಿಂತ ಜಾಸ್ತಿ ಸಲ ಗೆದ್ದಿದೆ ಕಣಕ್ಕಾ," ಎನ್ನುವ ಲಾರಿ ಡ್ರೈವರ್ ಹಾಯ್ಟ್‌ನ ತಟ್ಟೆಗೆ ಗ್ರೇವಿ ಬೀಳುವುದಿಲ್ಲ. "ಕಾಡು ಕಡಿದು ದಾರಿ ಮಾಡಿದೋರು ನಾವು, ಟಾರು ಬಿದ್ದ ಮೇಲೆ ಓಡಿದೋರು ಅವರು. ತಿನ್ನು ಸುಮ್ನೆ." ಜಗಳ ಮುಗಿದೊಡನೆ ಪಟ್ಟಿಯನ್ನು ಉಂಡೆ ಮಾಡಿ, ಬಾಗಿಲ ಬಳಿಯ ಕಸದ ಡಬ್ಬಕ್ಕೆ ಗುರಿಯಿಟ್ಟು ಎಸೆಯುತ್ತಾಳೆ, ಬಿದ್ದರೆ ಇಡೀ ಹೋಟೆಲು ಚಪ್ಪಾಳೆ. ಅವಳು ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡುವಾಗ, ಆಗಿನ ನಿಯಮದಂತೆ, ಎದುರಾಳಿಗಳನ್ನು ತಡೆಯುವ ಹುಡುಗಿಯರು ಅಂಗಳದ ನಡುಗೆರೆ ದಾಟುವಂತಿರಲಿಲ್ಲ. ನಾಲ್ಕು ವರ್ಷ ತಡೆದ ವರ್ಡೆಲ್ ಬುಟ್ಟಿಗೆ ಒಮ್ಮೆಯೂ ಚೆಂಡೆಸೆಯಲಿಲ್ಲ. ಅದು ಗೊತ್ತಿದ್ದೇ ಹಾಯ್ಟ್ ದಿನಾ ಜಗಳ ತೆಗೆದು ಗ್ರೇವಿ ಕಳೆದುಕೊಳ್ಳುತ್ತಾನೆ.