ಲಿಖಿತನ ಕಾಲಿಗೆ ಹೊತ್ತ ಹರಕೆ

ಮಳವಳ್ಳಿಯ ಹನುಮಂತಯ್ಯನವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಮಗ ಲಿಖಿತ್ ಎಂ.ಬಿ.ಬಿ.ಎಸ್. ಮುಗಿಸಿ, ಮೂಳೆ ಡಾಕ್ಟರಾಗಬೇಕೆಂದು ಪರೀಕ್ಷೆ ಬರೆದ. ರ‍್ಯಾಂಕು ಕೈಕೊಟ್ಟಿತು. ಕೊನೆಗೆ ಸಿಕ್ಕಿದ್ದು ಚೆನ್ನೈನಲ್ಲಿ, ಪೋರೂರಿನ ಕಡೆಯ ಒಂದು ಆಸ್ಪತ್ರೆಯ ಪುನಶ್ಚೇತನ ವಿಭಾಗದಲ್ಲಿ ಒಂದು ಸೀಟು. ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ಕಾಲು ಕಳೆದುಕೊಂಡವರು ಅಲ್ಲಿಗೆ ಬರುತ್ತಾರೆ. ಬೇರೆ ಡಾಕ್ಟರುಗಳು ಪ್ರಾಣ ಉಳಿಸಿ ಕೈತೊಳೆದುಕೊಂಡ ಮೇಲೆ ಇನ್ನು ಮುಂದೆ ಬದುಕುವುದು ಹೇಗೆ ಎಂದು ಹೇಳಿಕೊಡುವ ವಿಭಾಗ ಅದು. ಇಷ್ಟನ್ನು ನೆಂಟರಿಗೆ ವಿವರಿಸುವಷ್ಟರಲ್ಲಿ ಊಟದ ಪಂಕ್ತಿಯೇ ಎದ್ದಿರುತ್ತದೆ. "ಅಪ್ಪ ಪಿ.ಟಿ. ಮೇಷ್ಟ್ರು, ಮಗ ಪಿ.ಟಿ. ಡಾಕ್ಟ್ರು" ಎಂದು ಸೋದರಮಾವ ಒಮ್ಮೆ ಹಲ್ಲು ಕಿರಿದ ಮೇಲಂತೂ ಲಿಖಿತ್ ಆ ಗೋಜಿಗೇ ಹೋಗದೆ, ಕೇಳಿದವರಿಗೆಲ್ಲ "ಮೂಳೆ ಡಾಕ್ಟ್ರು" ಎಂದುಬಿಡುತ್ತಿದ್ದ.

ಹಾಗೆಂದು ಅವನನ್ನು ಸುಳ್ಳುಗಾರ ಎನ್ನುವಂತಿಲ್ಲ. ಎದುರಿಗಿದ್ದವರ ಮುಖ ಬಾಡುವುದನ್ನು ನೋಡಲಾರದ ಹುಡುಗ, ಅಷ್ಟೆ. ಆದರೆ ಅವನು ಸೇರಿದ ವಿಭಾಗದಲ್ಲಿ ಮುಖ ಬಾಡಿಸುವುದೂ ಕೆಲಸದ ಒಂದು ಭಾಗವಾಗಿತ್ತು. ಅಲ್ಲಿ ಗುರುಚರಣ ಎಂಬ ರೋಗಿ ಇದ್ದ. ಶೋಳಿಂಗನಲ್ಲೂರಿನಲ್ಲಿ ಆಫೀಸಿನವರಿಗೆ ಕ್ಯಾಬ್ ಓಡಿಸುತ್ತಿದ್ದವನು, ಲಿಖಿತನದೇ ವಯಸ್ಸು. ಬೈಕಿನಿಂದ ಬಿದ್ದು ಬೆನ್ನುಹುರಿ ಹೋಗಿತ್ತು. ಕಾಲುಗಳು ಮತ್ತೆ ಬರುವುದಿಲ್ಲ ಎಂಬುದರಲ್ಲಿ ಯಾವ ಡಾಕ್ಟರಿಗೂ ಅನುಮಾನವಿರಲಿಲ್ಲ. ಅದನ್ನು ಅವನಿಗೆ ತಿಳಿಸುವ ಕೆಲಸ ಲಿಖಿತನ ಪಾಲಿಗೆ ಬಂದಿತ್ತು. ಗುರುಚರಣ ಪ್ರತಿದಿನ ಬೆಳಿಗ್ಗೆ, ಯಾವಾಗ ನಡೆಯುತ್ತೇನೆ ಡಾಕ್ಟರ್, ಎಂದು ತಮಿಳಿನಲ್ಲಿ ಕೇಳುವನು. ಲಿಖಿತ್ ನೋಡೋಣ ಎಂದು ಹೇಳಿ, ಅವನ ಮುಖದ ಬದಲು ತನ್ನ ಬೆರಳಿನ ಉಗುರೋ ಹಾಸಿಗೆಯ ಅಂಚೋ ನೋಡುತ್ತ ಮುಂದಿನ ಮಂಚಕ್ಕೆ ಸರಿಯುವನು.

ವಿಭಾಗದ ಮುಖ್ಯಸ್ಥೆ ಡಾಕ್ಟರ್ ಶಾಲಿನಿ ಒಂದು ಪದ್ಧತಿ ಇಟ್ಟಿದ್ದರು. ಮೊದಲ ವರ್ಷದ ಪ್ರತಿಯೊಬ್ಬ ಕಿರಿಯ ಡಾಕ್ಟರೂ ಒಂದು ಹಗಲು ಗಾಲಿಕುರ್ಚಿಯಲ್ಲಿ ಕೂತು ಪೇಟೆಗೆ ಹೋಗಿಬರಬೇಕು. ಏನೇ ಆದರೂ ಎದ್ದು ನಿಲ್ಲಬಾರದು. ಡಾಕ್ಟರು ಎಂದು ಯಾರಿಗೂ ಹೇಳಬಾರದು. ಹೇಳಿದರೆ ಜನ ಡಾಕ್ಟರಿಗೆ ದಾರಿ ಬಿಡುತ್ತಾರೆ, ಕುರ್ಚಿಯಲ್ಲಿ ಕೂತವನಿಗೆ ಅಲ್ಲ, ಎಂಬುದು ಅವರ ವಾದ. ಲಿಖಿತನ ಸರದಿ ಬಂದಾಗ, ಕೈಕಾಲಿನ ಪಟ್ಟಿಗಳಿಗೆ ಬೇಕಾದ ವೆಲ್ಕ್ರೋ ಅಂಟುಪಟ್ಟಿ ತರಲು ಅವನನ್ನು ಪ್ಯಾರೀಸ್ ಕಾರ್ನರಿನ ಸಗಟು ಪೇಟೆಗೆ ಅಟ್ಟಿದರು. ವ್ಯಾನಿನಲ್ಲಿ ಕರೆದೊಯ್ದವನು ವಿಭಾಗದ ಅಟೆಂಡರ್ ಮೋಹನ್. ಅವನು ಕುರ್ಚಿ ಇಳಿಸಿಕೊಟ್ಟು, ಸಹಾಯ ಮಾಡಬಾರದೆಂಬ ನಿಯಮವನ್ನು ಭಕ್ತಿಯಿಂದ ಪಾಲಿಸುತ್ತ, ರಸ್ತೆಯಾಚೆ ಟೀ ಅಂಗಡಿಯಲ್ಲಿ ನಿಂತು ತಮಾಷೆ ನೋಡತೊಡಗಿದ.

ನೋಡಲು ಬೇಕಾದಷ್ಟಿತ್ತು. ಕೈಗಾಡಿಗಳು, ಹೊರೆಯಾಳುಗಳು, ಅಂಗಡಿ ಬಿಟ್ಟು ಬೀದಿಗಿಳಿದ ಮೂಟೆಗಳು; ಅವುಗಳ ನಡುವೆ ಸೊಂಟದೆತ್ತರಕ್ಕೆ ಕುಗ್ಗಿಹೋದ ಲಿಖಿತ್. ಹಿಂದಿನಿಂದ ಯಾರೋ ಒಂದು ಮಾತೂ ಕೇಳದೆ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟು ಹೋದರು. ವೆಲ್ಕ್ರೋ ಅಂಗಡಿಯವನು ಮೆಟ್ಟಿಲ ಮೇಲೆ ನಿಂತು, ಇವರಿಗೆ ಏನು ಬೇಕಂತೆ ಎಂದು ಪಕ್ಕದ ಗಿರಾಕಿಯನ್ನು ಕೇಳಿದ. ಲಿಖಿತನಿಗೆ ಬಾಯಿದೆ ಎಂಬುದೇ ಅವನಿಗೆ ಹೊಳೆಯಲಿಲ್ಲ. ಹೇಗೋ ಸಾಮಾನು ಪಡೆದು ತಿರುಗುವಾಗ ಕುರ್ಚಿಯ ಮುಂದಿನ ಗಾಲಿ ಚರಂಡಿ ಮುಚ್ಚಳದ ಸಂದಿಯಲ್ಲಿ ಸಿಕ್ಕಿಕೊಂಡಿತು. ಎಷ್ಟು ತಿಣುಕಿದರೂ ಬರಲಿಲ್ಲ. "ಥೂ, ಇದ್ರ ಮನೆ ಹಾಳಾಗ" ಎಂದು ಅವನ ಬಾಯಿಂದ ಬಂದೇಬಿಟ್ಟಿತು.

"ಕನ್ನಡದೋನಾ ನೀನು?" ಎಂದು ಒಂದು ಹೆಣ್ಣುದನಿ ಕೇಳಿತು.

ತಲೆ ಎತ್ತಿದರೆ ಎಪ್ಪತ್ತು ದಾಟಿದ ಒಬ್ಬ ಅಮ್ಮ. ಎರಡೂ ಕಡೆ ಮೂಗುಬೊಟ್ಟು, ಕಂಕುಳಲ್ಲಿ ತಾಂಬೂಲದ ಚೀಲಗಳ ದೊಡ್ಡ ಕಟ್ಟು. ಹೆಸರು ಜಯಲಕ್ಷ್ಮೀ, ಮನೆ ತಿರುವಲ್ಲಿಕೇಣಿ, ಮೊಮ್ಮಗನ ಮುಂಜಿಗೆ ಸಗಟಿನಲ್ಲಿ ಚೀಲ ಕೊಳ್ಳಲು ಬಂದವರು. ತಾತನ ಕಾಲದಿಂದ ಮದ್ರಾಸಿನಲ್ಲೇ ಬೇರು ಬಿಟ್ಟ ಮಾಧ್ವರ ಮನೆ. ಆ ಮೊಮ್ಮಗ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವವನಾದ್ದರಿಂದ, ನಡುಬೀದಿಯಲ್ಲಿ ಕನ್ನಡದ ಬೈಗುಳ ಕೇಳಿದರೂ ಅವರ ಜೀವ ಹಿಗ್ಗುತ್ತಿತ್ತು. ಅವರು ಕುರ್ಚಿಗೆ ಕೈ ಹಾಕುವ ಮುಂಚೆ, ನಾನು ಹಿಡಿಯಲಾ ಎಂದು ಕೇಳಿದರು. ಬೆಳಿಗ್ಗೆಯಿಂದ ಹಾಗೆ ಕೇಳಿದವರು ಅವರೊಬ್ಬರೇ.

ಗಾಲಿ ಬಿಡಿಸಿ ಅವನನ್ನು ನೆರಳಿಗೆ ತಂದ ಮೇಲೆ ತಮಿಳು ಬೆರೆತ ಕನ್ನಡದಲ್ಲಿ ವಿಚಾರಣೆ ಶುರುವಾಯಿತು.

"ಎಷ್ಟು ನಾಳಾಯ್ತು ಕಣ್ಣಾ, ಹೀಗಾಗಿ?"

"ಈಚೆಗೆ ಅಮ್ಮ."

"ಡಾಕ್ಟ್ರು ಏನಂತಾರೆ?"

"ಎದ್ದು ನಿಂತ್ಕೋಬಾರ್ದು ಅಂದವ್ರೆ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಶಾಲಿನಿ ಮೇಡಂ ಹಾಗೇ ಅಂದಿದ್ದರು. ಆದರೆ ಅಮ್ಮನ ಕಣ್ಣು ತುಂಬಿ ಬಂತು. ಅವನ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಆ ಗದ್ದಲದಲ್ಲೇ ತುಟಿ ಅಲ್ಲಾಡಿಸಿದರು.

"ಪಾವಂ, ಬಾಳಿ ಬದುಕಬೇಕಾದ ಮಗು. ನೀನು ಎದ್ದು ನಡೆಯೋವರೆಗೂ ನಾನು ಕಾಫಿ ಮುಟ್ಟಲ್ಲ. ರಾಯರಿಗೆ ಹೇಳಿದ್ದಾಯ್ತು. ನಡೆದ ದಿವಸ ಒಂದು ಫೋನ್ ಮಾಡು, ಸಾಕು."

ಬೇಡ ಎನ್ನುವಷ್ಟರಲ್ಲಿ ಹರಕೆ ಹೊತ್ತಾಗಿತ್ತು. ನಂಬರೂ ಮನೆಯ ವಿಳಾಸವೂ ಕೊಟ್ಟು, ಅವನ ನಂಬರನ್ನೂ ಪಡೆದು, ಅವರು ಜನದಲ್ಲಿ ಮರೆಯಾದರು. ಕುರ್ಚಿಯಿಂದ ಜಿಗಿದು ಅವರ ಹಿಂದೆ ಓಡಬೇಕೆನಿಸಿತು. ನಿಯಮ ನೆನೆದು ಲಿಖಿತ್ ಕೂತೇ ಇದ್ದ.

ಸಂಜೆ ಫೋನ್ ಮಾಡಿ ನಿಜ ಹೇಳಿಬಿಟ್ಟರಾಯಿತು ಎಂದುಕೊಂಡ. ಸಂಜೆ ನಾಳೆಯಾಯಿತು, ನಾಳೆ ವಾರವಾಯಿತು. ಗುರುವಾರ ಬಂದಾಗ ಅವರೇ ಫೋನ್ ಮಾಡಿದರು. ರಾಯರ ಮಠಕ್ಕೆ ಹೋಗಿ ಅವನ ಹೆಸರು ಹೇಳಿ ದೀಪ ಹಚ್ಚಿ ಬಂದಿದ್ದರು. ಕಾಲಲ್ಲಿ ಸ್ವಲ್ಪವಾದರೂ ಜೀವ ಆಡುತ್ತಿದೆಯೇ ಎಂದು ಕೇಳಿದರು. ಲಿಖಿತ್ ತನ್ನ ಎರಡು ಕಾಲಿನ ಮೇಲೆ ವಾರ್ಡಿನ ನಡುವೆ ನಿಂತುಕೊಂಡು, ಪರವಾಗಿಲ್ಲಮ್ಮ ಎಂದ. ಮುಂದಿನ ಗುರುವಾರ ಅವರ ದನಿ ಸೋತಿತ್ತು. ತಲೆನೋವಂತೆ. ಬುದ್ಧಿ ಬಂದಾಗಿನಿಂದ ಬೆಳಗಿನ ಮೊದಲ ಡಿಕಾಕ್ಷನ್ ಕುಡಿದ ಜೀವ, ಬಿಟ್ಟರೆ ತಲೆ ಸಿಡಿಯದೆ ಇರುತ್ತದೆಯೇ? ಅವರ ಯಜಮಾನರು ಮುರಳೀಧರರಾಯರು ಹೆಂಡತಿಯ ಎದುರು ಕಾಫಿ ಕುಡಿಯಲು ಮನಸ್ಸು ಬಾರದೆ, ಕದ್ದು ಬೀದಿ ಕೊನೆಯ ಮೆಸ್ಸಿಗೆ ಹೋಗಿ ಬರುತ್ತಿದ್ದರಂತೆ. ಇದನ್ನು ಹೇಳಿ ಅಮ್ಮ ನಕ್ಕರು. ಲಿಖಿತನಿಗೆ ನಗು ಬರಲಿಲ್ಲ. ಅವನ ಪಾಲಿಗೆ ಅದು ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಮೋಹನನ ಸಲಹೆ ಸುಲಭದ್ದು. ಕಾಲು ಬಂತು, ನಡೆದೆ, ಎಂದು ಹೇಳಿಬಿಡಿ ಡಾಕ್ಟರ್. ಆ ಅಮ್ಮನಿಗೆ ಕಾಫಿ, ರಾಯರಿಗೆ ಹೆಸರು, ನಿಮಗೆ ನಿದ್ದೆ. ಲಿಖಿತನಿಗೆ ಇದು ಎಷ್ಟು ಹಿಡಿಸಿತೆಂದರೆ ಫೋನು ಕೈಗೆತ್ತಿಕೊಂಡೂಬಿಟ್ಟ. ಆದರೂ ಏನೋ ತಡೆದಂತಾಗಿ ಮೊದಲು ಶಾಲಿನಿ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದ. ಅವರು ಮೊದಲು ಜೋರಾಗಿ ನಕ್ಕರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಕೆ ನಾಳೆಯಿಂದ ಕಾಫಿ ಕುಡಿಯುತ್ತಾರೆ, ಸರಿ. ಆದರೆ ಮಠದಲ್ಲಿ ಸಿಕ್ಕ ತಾಯಂದಿರಿಗೆಲ್ಲ, ಹರಕೆ ಹೊತ್ತರೆ ಕುರ್ಚಿಯಲ್ಲಿದ್ದ ಹುಡುಗ ಎದ್ದು ನಡೆಯುತ್ತಾನೆ ಎಂದು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ಅಂಥ ಒಬ್ಬ ತಾಯಿ ಮಗನ ವ್ಯಾಯಾಮ ನಿಲ್ಲಿಸಿ ಹರಕೆಗೆ ಕೂತರೆ ಹೊಣೆ ಯಾರು, ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ನಿಯಮ ನನ್ನದು, ಬೇಕಾದರೆ ನಾನೂ ಬರುತ್ತೇನೆ ಎಂದೂ ಅಂದರು. ಲಿಖಿತ್ ಬೇಡವೆಂದ.

ಭಾನುವಾರ ತಿರುವಲ್ಲಿಕೇಣಿಯಲ್ಲಿ ಬಸ್ಸಿಳಿದು ಹೊರಟವನಿಗೆ ನೆಟ್ಟಗಿದ್ದ ಕಾಲುಗಳೇ ಭಾರವಾಗಿದ್ದವು. ಹಳೆಯ ಮನೆ, ಬಾಗಿಲಲ್ಲಿ ರಂಗೋಲಿ, ಜಗುಲಿಯ ಮೇಲೆ ಪೇಪರು ಹಿಡಿದ ಮುರಳೀಧರರಾಯರು. ಒಳಗಿಂದ ಬಂದ ಜಯಲಕ್ಷ್ಮೀ ಅಮ್ಮ ಮೆಟ್ಟಿಲು ಹತ್ತುತ್ತಿದ್ದ ಅವನನ್ನು ಕಂಡು ನಿಂತಲ್ಲೇ ನಿಂತರು. ತಮಗೆ ತಿಳಿಯದೆಯೇ ಕೈ ಮುಗಿದರು. ಗಂಡನಿಗೆ, ನೋಡಿದಿರಾ, ನಡೆದುಕೊಂಡು ಬಂದ, ಎಂದರು. ಪಕ್ಕದ ಮನೆಯವರನ್ನು ಕೂಗಲು ತಿರುಗಿದರು. ಇನ್ನೊಂದು ಗಳಿಗೆ ತಡೆದಿದ್ದರೆ ಲಿಖಿತ್ ಆ ಮುಖಕ್ಕೆ ಸೋತುಬಿಡುತ್ತಿದ್ದ.

"ಅಮ್ಮ, ಕರೀಬೇಡಿ. ನನ್ ಕಾಲಿಗೆ ಯಾವತ್ತೂ ಏನೂ ಆಗಿರ್ಲಿಲ್ಲ. ನಾನು ಡಾಕ್ಟ್ರು."

ಅಮ್ಮನ ಮುಗಿದ ಕೈಗಳು ನಿಧಾನವಾಗಿ ಇಳಿದವು. ಅವನು ನಿಂತೇ ಎಲ್ಲವನ್ನೂ ಹೇಳಿದ. ತನ್ನ ವಿಭಾಗ ಯಾವುದು, ಅಲ್ಲಿ ಯಾರು ಬರುತ್ತಾರೆ, ಮೊದಲ ದಿನವೇ ಹೇಳಬೇಕಾದ್ದನ್ನು ಏಕೆ ಹೇಳಲಿಲ್ಲ. ಮೂಳೆ ಡಾಕ್ಟ್ರು ಎಂದು ತೇಲಿಸಿಬಿಡದೆ ತನ್ನ ಕೆಲಸವನ್ನು ಅವನು ಪೂರ್ತಿ ವಿವರಿಸಿ ಎಷ್ಟೋ ಕಾಲವಾಗಿತ್ತು. ಅಮ್ಮನ ಮುಖ ಅವನು ಹೆದರಿದ್ದಷ್ಟೂ ಬಾಡಿತು. ನನ್ನ ಹತ್ತಿರ ನಾಟಕ ಆಡಿದೆಯಲ್ಲೋ, ರಾಯರ ಮುಂದೆ ನಿನ್ನ ಹೆಸರು ಹೇಳಿ ಅತ್ತಿದ್ದೆನಲ್ಲೋ, ಎಂದಷ್ಟೇ ಅಂದು ಒಳಗೆ ಹೋದರು. ಮುರಳೀಧರರಾಯರು ಪೇಪರಿನ ಹಿಂದೆ ಅವಿತುಕೊಂಡರು. ಲಿಖಿತ್ ಹೋಗಲೂ ಆಗದೆ, ಕೂರಲೂ ಆಗದೆ ಕಂಬದಂತೆ ನಿಂತ. ಇಷ್ಟು ನೋವಾದರೂ ಓಡಿಹೋಗದೆ ನಿಂತಿದ್ದ, ಅವನ ಮಟ್ಟಿಗೆ ಅದು ಹೊಸದು.

ಆಮೇಲೆ ಅಮ್ಮ ಕಾಫಿ ತಂದು ಅವನ ಮುಂದಿಟ್ಟರು. ಒಂದೇ ಲೋಟ.

"ನೀವೂ ಕುಡೀರಿ ಅಮ್ಮ. ಹರಕೆ ಮುಗೀತಲ್ವಾ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಗಾಡಿ ಈಗ ಎಲ್ಲಿ?"

"ಆಸ್ಪತ್ರೇಲಿ."

"ಅದರಲ್ಲಿ ಈಗ ಯಾರು ಕೂತಿದಾರೆ?"

ಲಿಖಿತನ ಕೈಯಲ್ಲಿದ್ದ ಲೋಟ ಅರ್ಧಕ್ಕೆ ನಿಂತಿತು. ಆ ಕುರ್ಚಿಯನ್ನು ಪೇಟೆಗೆ ಹೋದ ವಾರವೇ ಗುರುಚರಣನಿಗೆ ಕೊಟ್ಟಿದ್ದರು. ಕೊಟ್ಟವನೂ ಲಿಖಿತನೇ. ಪೇಟೆಯ ದಿನದ ಬಗ್ಗೆ, ಮೆಟ್ಟಿಲು ಚರಂಡಿಗಳ ಬಗ್ಗೆ, ಮೇಡಂ ಮುಂದೆ ಉದ್ದಕ್ಕೆ ಮಾತಾಡಿದ್ದವನಿಗೆ, ಅದೇ ಕುರ್ಚಿಯಲ್ಲಿ ಈಗ ಗುರುಚರಣ ಕೂತಿದ್ದಾನೆ ಎಂಬುದು ತಲೆಗೇ ಬಂದಿರಲಿಲ್ಲ. ಅವನು ಹೆಸರು ಹೇಳಿದ.

"ಅವನಾದರೂ ನಡೀತಾನಾ?"

"ಇಲ್ಲಮ್ಮ. ಅವನು ಇನ್ ನಡಿಯಲ್ಲ."

ಈ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಾಯರು ನಡೆಸುತ್ತಾರೆ ಎಂದು ಅಮ್ಮ ಹೇಳುತ್ತಾರೇನೋ ಎಂದು ಲಿಖಿತ್ ಕಾದ. ಅವರು ಹಾಗೆ ಹೇಳಲಿಲ್ಲ.

"ಸೆರಿ. ಹಾಗಾದ್ರೆ ಅವನಿಗೆ ಏನು ಬೇಕು ಅಂತ ಕೇಳಿ ನನಗೆ ಹೇಳು. ರಾಯರ ಹತ್ರ ಅದನ್ನೇ ಕೇಳ್ಕೋತೀನಿ. ಅಲ್ಲೀವರೆಗೂ ನನಗೆ ಕಾಫಿ ವೇಂಡಾ."

ಪೋರೂರಿನ ಬಸ್ಸಿನಲ್ಲಿ ಕೂತು ಲಿಖಿತ್ ಕಣ್ಣೊರೆಸಿಕೊಂಡ. ಏನು ಬೇಕು ಎಂದು ಅವನು ಗುರುಚರಣನನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ನಡೆಯಬೇಕು ಎನ್ನುತ್ತಾನೆ, ಆಮೇಲೆ ಇಲ್ಲ ಎನ್ನಬೇಕಾಗುತ್ತದೆ ಎಂಬ ಭಯ.

ಅಂದು ಸಂಜೆ ಅವನು ಗುರುಚರಣನ ಕುರ್ಚಿಯನ್ನು, ತಳ್ಳಲಾ ಎಂದು ಕೇಳಿ, ಒಪ್ಪಿದ ಮೇಲೆ ವಾರ್ಡಿನ ಹೊರಗಿನ ಬೇವಿನ ಮರದಡಿಗೆ ಒಯ್ದ. ತಾನೂ ಕಟ್ಟೆಯ ಮೇಲೆ ಕೂತು ಅವನ ಕಣ್ಣಿನ ಎತ್ತರಕ್ಕೆ ಬಂದ. ಕಾಲುಗಳು ಬರುವುದಿಲ್ಲ ಎಂದು ಸರಳವಾದ ತಮಿಳಿನಲ್ಲಿ, ಸುತ್ತಿ ಬಳಸದೆ ಹೇಳಿದ. ಗುರುಚರಣ ಕೇಳಿಸದವನ ಹಾಗೆ ಗೇಟಿನಾಚೆ ಹೋಗುವ ಕಾರುಗಳನ್ನು ನೋಡಿದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಲಿಖಿತನಿಗೆ ಎದ್ದು ಹೋಗಬೇಕೆನಿಸಿತು, ನೀರು ತರುತ್ತೇನೆ ಎಂಬ ನೆಪವೂ ಸಿಕ್ಕಿತ್ತು. ಹೋಗಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ಕೂತ. ಅಳು ತಗ್ಗಿದ ಮೇಲೆ, ನಿನಗೆ ಏನು ಬೇಕು ಎಂದು ಕೇಳಿದ.

ಗುರುಚರಣ ಕೆಂಪು ಕಣ್ಣಲ್ಲಿ ನೋಡಿದ. ಇದೇನು ಹೊಸ ಪ್ರಶ್ನೆ ಡಾಕ್ಟರ್, ಯಾರು ಹೇಳಿಕೊಟ್ಟರು, ಎಂದ. ಲಿಖಿತ್ ಎಲ್ಲ ಕತೆ ಬಿಚ್ಚಿದ. ತಾನು ಕುರ್ಚಿಯಲ್ಲಿ ಕೂತ ನಾಟಕ, ಅಮ್ಮನ ಹರಕೆ, ಅವರ ಯಜಮಾನರು ಕದ್ದು ಕುಡಿವ ಕಾಫಿ, ಅಮ್ಮನ ತಲೆನೋವು, ಈಗ ಆ ಹರಕೆ ಗುರುಚರಣನ ಹೆಸರಿಗೆ ತಿರುಗಿರುವುದು. ಮುರಳೀಧರರಾಯರ ಮೆಸ್ಸಿನ ಪ್ರಸಂಗಕ್ಕೆ ಗುರುಚರಣ ಅತ್ತ ಮುಖದಲ್ಲೇ ಒಂಚೂರು ನಕ್ಕ. ಆಮೇಲೆ ಫೋನಿಗಾಗಿ ಕೈ ಚಾಚಿದ. ಲಿಖಿತ್ ಅಮ್ಮನ ನಂಬರು ಒತ್ತಿ ಕೊಟ್ಟ.

"ಪಾಟೀ, ನಾನು ಗುರುಚರಣ" ಎಂದು, ಸ್ವಂತ ಅಜ್ಜಿಯನ್ನು ಕರೆಯುವಂತೆ ಕರೆದು, ತಮಿಳಿನಲ್ಲಿ ಶುರುಮಾಡಿದ. ನನಗೆ ಏನೇನು ಬೇಕೋ ನಿಧಾನವಾಗಿ ಯೋಚಿಸಿ ಹೇಳುತ್ತೇನೆ, ಮತ್ತೆ ಕ್ಯಾಬ್ ಓಡಿಸಲಾದೀತೇ ಎಂಬ ಮಾತು ಡಾಕ್ಟರ ಹತ್ತಿರ ನಾಳೆ ಆಡುತ್ತೇನೆ, ಮೊದಲು ಬೇಕಾದ್ದು ಒಂದೇ, ನೀವು ಈಗ ಹೋಗಿ ಕಾಫಿ ಕುಡಿಯಬೇಕು, ಎಂದ.

ಇಷ್ಟು ಹೇಳಿ ಗುರುಚರಣ ಫೋನನ್ನು ಲಿಖಿತನ ಕೈಗೆ ಕೊಟ್ಟ. ಲಿಖಿತ್ ಕಿವಿಗಿಟ್ಟುಕೊಂಡಾಗ ಅಮ್ಮ ಮೂಗು ಸೀಟಿಕೊಂಡು, ಒಳಮನೆಯತ್ತ ತಿರುಗಿ ಹೇಳುತ್ತಿದ್ದರು: "ರೀ, ಎದ್ದು ಸ್ವಲ್ಪ ಹಾಲು ಒಲೆ ಮೇಲಿಡಿ. ಮಗು ಕೇಳ್ತಿದಾನೆ."